ಇಂಪ್ಯಾಕ್ಟ್ ಪ್ರಿಂಟರ್: ಒಂದೇ ಬಡಿತಕ್ಕೆ ಮೂರು ಪ್ರತಿ ಬೇಕಾದ ವ್ಯಾಪಾರಿಗಳಿಗೆ ಸಮಗ್ರ ಮಾರ್ಗದರ್ಶಿ

ಲಾರಿ ಕಚೇರಿಯ ಕೌಂಟರಿನಲ್ಲಿ, ಸಗಟು ಔಷಧ ವ್ಯಾಪಾರಿಯ ಬಿಲ್ಲಿಂಗ್ ಮೇಜಿನ ಮೇಲೆ, ಬ್ಯಾಂಕಿನ ಪಾಸ್‌ಬುಕ್ ಕಿಟಕಿಯ ಹಿಂದೆ, ವೇಬ್ರಿಡ್ಜಿನ ಧೂಳು ಹಿಡಿದ ಕೊಠಡಿಯಲ್ಲಿ ಇಂದಿಗೂ ಕಿವಿಗೆ ಬೀಳುವ ಕರಕರ ಸದ್ದು ಇಂಪ್ಯಾಕ್ಟ್ ಪ್ರಿಂಟರಿನದು. ಲೇಸರ್ ಮತ್ತು ಇಂಕ್‌ಜೆಟ್ ಪ್ರಿಂಟರುಗಳು ಇಷ್ಟೊಂದು ಅಗ್ಗವಾದ ಮೇಲೂ ಈ ಯಂತ್ರ ಉಳಿದುಕೊಂಡಿರುವುದಕ್ಕೆ ಮುಖ್ಯ ಕಾರಣ ಒಂದೇ: ಕಾಗದದ ಮೇಲೆ ಬಲವಾಗಿ ಬಡಿದು ಅಕ್ಷರ ಮೂಡಿಸುವ ಯಂತ್ರ ಮಾತ್ರ ಒಂದರ ಕೆಳಗೊಂದು ಇಟ್ಟ ಮೂರು ನಾಲ್ಕು ಹಾಳೆಗಳ ಮೇಲೆ ಒಂದೇ ಸಲಕ್ಕೆ ಬರೆಯಬಲ್ಲದು. ಇಂತಹ ಪ್ರಿಂಟರ್ ತಮ್ಮ ವ್ಯವಹಾರಕ್ಕೆ ಬೇಕೇ ಎಂದು ನಿರ್ಧರಿಸುವುದು ಹೇಗೆ, ಬೇಕಿದ್ದರೆ ಯಾವುದನ್ನು ಆರಿಸುವುದು, ಹೇಗೆ ಜೋಡಿಸಿ ಹೇಗೆ ನೋಡಿಕೊಳ್ಳುವುದು ಎಂಬುದನ್ನು ಕರ್ನಾಟಕದ ಸಗಟು ಮತ್ತು ಸಾಗಣೆ ವ್ಯಾಪಾರವನ್ನು ಕಣ್ಣ ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಮೊದಲು ಪ್ರತಿಗಳ ಲೆಕ್ಕ, ಆಮೇಲೆ ಕಾಗದ, ಅದಾದ ಮೇಲೆ ಪ್ರಿಂಟರ್, ಕೊನೆಗೆ ಸೆಟ್ಟಿಂಗ್ ಎಂಬುದು ಈ ಮಾರ್ಗದರ್ಶಿಯ ಕ್ರಮ. ಪ್ರಿಂಟರ್ ಕೊಂಡು ತಂದ ಮೇಲೆ ಅದಕ್ಕೆ ಹೊಂದುವ ಕಾಗದ ಹುಡುಕಲು ಹೊರಡುವವರೇ ಹೆಚ್ಚು. ಮುಂದೆ ಎದುರಾಗುವ ಬಹಳಷ್ಟು ತೊಂದರೆಗಳ ಬೇರು ಅಲ್ಲಿಯೇ ಇರುತ್ತದೆ.

ಯಂತ್ರ ಕೆಲಸ ಮಾಡುವ ಬಗೆ

ಇಂಪ್ಯಾಕ್ಟ್ ಪ್ರಿಂಟರುಗಳಲ್ಲಿ ನಾವು ಹೆಚ್ಚಾಗಿ ಕಾಣುವುದು ಡಾಟ್ ಮ್ಯಾಟ್ರಿಕ್ಸ್ ಬಗೆಯದನ್ನು. ಅದರ ಮುದ್ರಿಸುವ ಭಾಗವಾದ ಹೆಡ್‌ನೊಳಗೆ ಕೂದಲಿನಷ್ಟು ತೆಳುವಲ್ಲದಿದ್ದರೂ ಗುಂಡುಸೂಜಿಗಿಂತ ಸಣ್ಣದಾದ ಉಕ್ಕಿನ ತಂತಿಗಳಿರುತ್ತವೆ. ಇವುಗಳನ್ನೇ ಪಿನ್ ಎನ್ನುವುದು. ಪ್ರತಿ ಪಿನ್ನಿನ ಹಿಂದೆ ಒಂದು ವಿದ್ಯುತ್ಕಾಂತವಿದ್ದು, ಅದಕ್ಕೆ ವಿದ್ಯುತ್ ಹರಿದ ಕ್ಷಣ ಪಿನ್ ಮುಂದಕ್ಕೆ ಚಿಮ್ಮಿ ಶಾಯಿ ಹೀರಿದ ನೈಲಾನ್ ರಿಬ್ಬನ್ನನ್ನು ಕಾಗದಕ್ಕೆ ಒತ್ತುತ್ತದೆ, ಕಾಗದದ ಹಿಂದಿರುವ ಗಟ್ಟಿ ರಬ್ಬರ್ ರೋಲರ್ ಆ ಪೆಟ್ಟನ್ನು ತಡೆದುಕೊಳ್ಳುತ್ತದೆ. ಹೆಡ್ ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಓಡುತ್ತ ಇಂತಹ ಚುಕ್ಕೆಗಳನ್ನು ಸೇರಿಸಿ ಅಕ್ಷರ ಕಟ್ಟುತ್ತದೆ. 9 ಪಿನ್ನಿನ ಹೆಡ್‌ನಲ್ಲಿ ಪಿನ್ನುಗಳು ಒಂದೇ ಲಂಬ ಸಾಲಿನಲ್ಲಿ, ಇಂಚಿನ 72ನೇ ಒಂದು ಭಾಗದ ಅಂತರದಲ್ಲಿರುತ್ತವೆ. 24 ಪಿನ್ನಿನ ಹೆಡ್‌ನಲ್ಲಿ ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಪಿನ್ ಬರುವಂತೆ ಜೋಡಿಸಿ ಆ ಅಂತರವನ್ನು ಇಂಚಿನ 180ನೇ ಒಂದು ಭಾಗಕ್ಕೆ ಇಳಿಸಲಾಗಿರುತ್ತದೆ. ಪಿನ್ನುಗಳು ಹೆಚ್ಚಿದಷ್ಟೂ ಅಕ್ಷರ ನಯವಾಗುತ್ತದೆ. ಆದರೆ 24 ಪಿನ್ನಿನ ತಂತಿ ತೆಳುವಾದ್ದರಿಂದ ಅದರ ಪೆಟ್ಟು ಹಗುರ ಮತ್ತು ಆಯಸ್ಸು ನಾಜೂಕು. ಮುಂದೆ ಪ್ರಿಂಟರ್ ಆರಿಸುವಾಗ ಈ ಒಂದು ಮಾತು ಬಹಳ ಕೆಲಸಕ್ಕೆ ಬರುತ್ತದೆ.

ಇಂಪ್ಯಾಕ್ಟ್ ಪ್ರಿಂಟರುಗಳ ಬಳಗ ಇದಕ್ಕಿಂತ ದೊಡ್ಡದು. ಐಬಿಎಂ 1959ರಲ್ಲಿ ತಂದ 1403 ಮಾದರಿಯ ಲೈನ್ ಪ್ರಿಂಟರ್ ಅಚ್ಚುಗಳ ಸರಪಳಿಯನ್ನು ಓಡಿಸಿ, ಸುತ್ತಿಗೆಗಳಿಂದ ಬಡಿದು, ನಿಮಿಷಕ್ಕೆ 600 ಸಾಲು ಮುದ್ರಿಸುತ್ತಿತ್ತು. ಅಕ್ಷರದ ಅಚ್ಚುಗಳನ್ನು ಹೂವಿನ ಎಸಳಿನಂತೆ ಚಕ್ರದ ಸುತ್ತ ಜೋಡಿಸಿದ ಡೇಸಿ ವೀಲ್ ಪ್ರಿಂಟರುಗಳು 1970ರ ದಶಕದಲ್ಲಿ ಬಂದು, ಲೇಸರ್ ಬಂದೊಡನೆ ಮರೆಯಾದವು. ಲೈನ್ ಮ್ಯಾಟ್ರಿಕ್ಸ್ ಎಂಬ ಬಗೆ ಮಾತ್ರ ದೊಡ್ಡ ಗೋದಾಮು, ಕಾರ್ಖಾನೆಗಳಲ್ಲಿ ಇನ್ನೂ ದುಡಿಯುತ್ತಿದೆ. ಪ್ರಿಂಟ್ರಾನಿಕ್ಸ್ ಕಂಪನಿಯ ಇಂತಹ ಯಂತ್ರಗಳು ನಿಮಿಷಕ್ಕೆ 500ರಿಂದ 2000 ಸಾಲುಗಳವರೆಗೆ ಮುದ್ರಿಸುತ್ತವೆ. ಸಾಮಾನ್ಯ ವ್ಯಾಪಾರಿಗೆ ಇವುಗಳ ಗೊಡವೆ ಬೇಡ. ಮೇಜಿನ ಮೇಲೆ ಕೂರುವ ಡಾಟ್ ಮ್ಯಾಟ್ರಿಕ್ಸ್ ಯಂತ್ರವನ್ನು ಜಗತ್ತಿಗೆ ಪರಿಚಯಿಸಿದವುಗಳಲ್ಲಿ 1980ರ ಹೊತ್ತಿಗೆ ಬಂದ ಎಪ್ಸನ್ ಎಂಎಕ್ಸ್-80 ಪ್ರಮುಖವಾದದ್ದು. ಕಂಪ್ಯೂಟರ್ ಪ್ರಿಂಟರಿಗೆ ಏನು ಮಾಡಬೇಕೆಂದು ಹೇಳಲು ಬಳಸುವ, ಆ ಕಂಪನಿಯ ಆದೇಶ ಭಾಷೆಯಾದ ಇಎಸ್‌ಸಿ/ಪಿ ಎಷ್ಟು ಹರಡಿತೆಂದರೆ ಬೇರೆ ತಯಾರಕರ ಯಂತ್ರಗಳೂ ಅದನ್ನೇ ಅರ್ಥ ಮಾಡಿಕೊಳ್ಳುವಂತೆ ಸಿದ್ಧವಾಗಿ ಬರುತ್ತವೆ.

ಮೊದಲ ಹಂತ: ಪ್ರತಿಗಳನ್ನು ಎಣಿಸಿ

ನಿಮ್ಮ ವ್ಯವಹಾರದಲ್ಲಿ ಹುಟ್ಟುವ ಪ್ರತಿಯೊಂದು ಕಾಗದವನ್ನೂ ಒಂದು ಪಟ್ಟಿಯಲ್ಲಿ ಬರೆದುಕೊಂಡು, ಅದರ ಎಷ್ಟು ಪ್ರತಿ ಯಾರ ಕೈಗೆ ಹೋಗುತ್ತದೆ, ಅದನ್ನು ಎಷ್ಟು ವರ್ಷ ಇಡಬೇಕು, ಅದರ ಮೇಲೆ ಸಹಿ ಬೀಳುತ್ತದೆಯೇ ಎಂದು ಎದುರಿಗೆ ಗುರುತಿಸಿ. ಒಂದೇ ಪ್ರತಿ ಸಾಕಾಗುವ ಚಿಲ್ಲರೆ ರಸೀದಿಗೆ ಥರ್ಮಲ್ ಪ್ರಿಂಟರ್ ವೇಗವಾದದ್ದು, ಸದ್ದಿಲ್ಲದ್ದು. ಪತ್ರ, ಕೊಟೇಶನ್, ಲೋಗೋ ಇರುವ ಕಾಗದಗಳಿಗೆ ಲೇಸರ್ ಸರಿ. ಎರಡಕ್ಕಿಂತ ಹೆಚ್ಚು ಪ್ರತಿ ಬೇಕಾದ, ಕೈಯಿಂದ ಕೈಗೆ ಸಾಗುವ, ಸಹಿ ಬೀಳುವ ಕಾಗದಗಳು ದಿನಕ್ಕೆ ಹತ್ತಾರು ಇದ್ದರೆ ಮಾತ್ರ ಇಂಪ್ಯಾಕ್ಟ್ ಪ್ರಿಂಟರಿನ ಬಗ್ಗೆ ಯೋಚಿಸುವುದು ಲಾಭ.

ಸಾಗಣೆ ಕಚೇರಿಯ ಲಾರಿ ರಸೀದಿ, ಅಂದರೆ ಎಲ್ಲರೂ ಎಲ್‌ಆರ್ ಎಂದು ಕರೆಯುವ ಕಾಗದ, ಇದಕ್ಕೆ ಅತ್ಯುತ್ತಮ ಉದಾಹರಣೆ. ಸರಕು ಕಳಿಸಿದವರಿಗೊಂದು, ತಲುಪಬೇಕಾದವರಿಗೊಂದು, ಲಾರಿಯೊಂದಿಗೆ ಹೋಗಲು ಒಂದು, ಕಚೇರಿಯ ಕಡತಕ್ಕೊಂದು ಎಂದು ನಾಲ್ಕು ಪ್ರತಿಗಳು ಬೇಕಾಗುತ್ತವೆ. ಮೇಲಿನ ಹಾಳೆಗೆ ಹಾಕಿದ ಸಹಿ ಕೆಳಗಿನವುಗಳ ಮೇಲೂ ಮೂಡುವುದರಿಂದ ನಾಲ್ಕೂ ಒಂದೇ ದಾಖಲೆಯ ಪ್ರತಿಗಳೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಲೇಸರಿನಲ್ಲಿ ಇದನ್ನು ನಾಲ್ಕು ಬಾರಿ ಮುದ್ರಿಸಿ ನಾಲ್ಕು ಬಾರಿ ಸಹಿ ಹಾಕಿಸಿಕೊಳ್ಳಬೇಕಾಗುತ್ತದೆ, ಮತ್ತು ನಡುವೆ ಯಾರಾದರೂ ಒಂದು ಪ್ರತಿಯ ಅಂಕಿ ತಿದ್ದಿ ಮರುಮುದ್ರಿಸಿದರೆ ಗೊತ್ತಾಗುವುದಿಲ್ಲ.

ಜಿಎಸ್‌ಟಿ ನಿಯಮಗಳೂ ಇಲ್ಲಿ ಮುಖ್ಯವಾಗುತ್ತವೆ. ಕೇಂದ್ರ ಜಿಎಸ್‌ಟಿ ನಿಯಮಾವಳಿಯ 48ನೇ ನಿಯಮದಂತೆ ಸರಕು ಮಾರಾಟದ ತೆರಿಗೆ ಬಿಲ್ಲನ್ನು ಮೂರು ಪ್ರತಿಗಳಲ್ಲಿ ಸಿದ್ಧಪಡಿಸಬೇಕು: ಮೂಲಪ್ರತಿ ಖರೀದಿದಾರರಿಗೆ, ಎರಡನೆಯದು ಸಾಗಣೆದಾರರಿಗೆ, ಮೂರನೆಯದು ಮಾರಾಟಗಾರರಿಗೆ. ಸೇವೆಯ ಬಿಲ್ಲಾದರೆ ಎರಡು ಪ್ರತಿ ಸಾಕು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಯಾವ ಪ್ರತಿ ಯಾರಿಗೆ ಎಂಬುದನ್ನು ಆಯಾ ಪ್ರತಿಯ ಮೇಲೆ ಗುರುತಿಸಬೇಕೆಂಬುದು ನಿಯಮ, ಆದರೆ ಒಂದೇ ಬಡಿತಕ್ಕೆ ಮೂಡುವ ಮೂರು ಹಾಳೆಗಳ ಮೇಲೂ ಪ್ರಿಂಟರ್ ಒಂದೇ ಮಾತನ್ನು ಬರೆಯುತ್ತದೆ. ಆದ್ದರಿಂದ ಬಿಲ್ ಕಾಗದವನ್ನು ಅಚ್ಚು ಹಾಕಿಸುವಾಗಲೇ ಮೂರು ಹಾಳೆಗಳ ಮೇಲೂ ಬೇರೆ ಬೇರೆ ಗುರುತನ್ನು ಅಚ್ಚು ಹಾಕಿಸಿಕೊಳ್ಳಬೇಕು. ಸಾಫ್ಟ್‌ವೇರಿನ ಮೂಲಕ ಇದನ್ನು ಮಾಡಲು ಹೊರಟರೆ ಮೂರಕ್ಕೂ ಮೂಲಪ್ರತಿ ಎಂದೇ ಬೀಳುತ್ತದೆ. ಬಿಳಿ, ಗುಲಾಬಿ, ಹಳದಿ ಎಂಬ ಬಣ್ಣಗಳು ಬಳಕೆಯಿಂದ ಬಂದ ರೂಢಿಯಷ್ಟೆ.

ಈ ಲೆಕ್ಕಕ್ಕೆ ಒಂದು ಅಪವಾದವಿದೆ, ಅದು ದೊಡ್ಡದು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವ್ಯಾಪಾರಿಗಳು ನೋಂದಾಯಿತ ಖರೀದಿದಾರರಿಗೆ ಸರ್ಕಾರದ ಪೋರ್ಟಲಿನಲ್ಲಿ ದಾಖಲಾಗುವ ವಿದ್ಯುನ್ಮಾನ ಬಿಲ್, ಅಂದರೆ ಇ-ಇನ್‌ವಾಯ್ಸ್ ಕೊಡಬೇಕಾಗಿದೆ. ಇ-ಇನ್‌ವಾಯ್ಸ್‌ಗೆ ಮೂರು ಪ್ರತಿಗಳ ಕಟ್ಟಳೆ ಅನ್ವಯಿಸುವುದಿಲ್ಲ, ಆದರೆ ಅದರ ಮೇಲೆ ಕ್ಯೂಆರ್ ಕೋಡ್ ಇರಬೇಕು. ಆ ಕೋಡಿನೊಳಗೆ ಡಿಜಿಟಲ್ ಸಹಿ ಸೇರಿ ನೂರಾರು ಅಕ್ಷರಗಳು ಅಡಗಿರುವುದರಿಂದ ಅದರ ಚೌಕಗಳು ಬಹಳ ದಟ್ಟ. 9 ಪಿನ್ನಿನ ಪ್ರಿಂಟರಿನ ದಪ್ಪ ಚುಕ್ಕೆಗಳಲ್ಲಿ ಅವು ಒಂದಕ್ಕೊಂದು ಅಂಟಿ ಮೊಬೈಲ್ ಕ್ಯಾಮೆರಾ ಓದಲಾರದಂತಾಗುತ್ತವೆ. 24 ಪಿನ್ನಿನಲ್ಲಿ ಹೊಸ ರಿಬ್ಬನ್ ಹಾಕಿ ದೊಡ್ಡದಾಗಿ ಮುದ್ರಿಸಿದರೆ ಓದಿಸಬಹುದಾದರೂ ರಿಬ್ಬನ್ ಮಾಸಿದಂತೆ ಅದೂ ಕೈಕೊಡುತ್ತದೆ. ಇ-ಇನ್‌ವಾಯ್ಸ್ ವ್ಯಾಪ್ತಿಗೆ ಬಂದ ವ್ಯಾಪಾರಿಗಳು ಬಿಲ್ಲಿಗೆ ಲೇಸರ್ ಇಟ್ಟುಕೊಂಡು, ಡೆಲಿವರಿ ಚಲನ್, ಗೇಟ್ ಪಾಸ್, ಎಲ್‌ಆರ್, ತೂಕದ ಚೀಟಿಗಳಿಗೆ ಮಾತ್ರ ಡಾಟ್ ಮ್ಯಾಟ್ರಿಕ್ಸ್ ಬಳಸುವುದು ಒಳ್ಳೆಯದು. ಎರಡನ್ನೂ ಒಂದೇ ಯಂತ್ರದಿಂದ ಮಾಡಿಸಲು ಹೋಗುವುದು ಸುಳ್ಳು ಉಳಿತಾಯ.

ದಾಖಲೆ ಇಡಬೇಕಾದ ಅವಧಿಯೂ ಲೆಕ್ಕಕ್ಕೆ ಸೇರಲಿ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಥರ್ಮಲ್ ಕಾಗದದ ಅಕ್ಷರ ಶಾಖಕ್ಕೆ, ಬೆಳಕಿಗೆ ಅಷ್ಟು ಕಾಲ ಉಳಿಯುವುದು ಕಷ್ಟ. ರಿಬ್ಬನ್ನಿನ ಶಾಯಿ ಉಳಿಯುತ್ತದೆ.

ಪೆಟ್ಟೇ ಮುಖ್ಯವಾದ ಇನ್ನೂ ಕೆಲವು ಕೆಲಸಗಳಿವೆ. ಬ್ಯಾಂಕುಗಳು ಗುಪ್ತಸಂಖ್ಯೆ ಕಳಿಸುವ ಮುಚ್ಚಿದ ಲಕೋಟೆಯ ಮೇಲೆ ರಿಬ್ಬನ್ ಇಲ್ಲದೆಯೇ ಬಡಿದಾಗ, ಒಳಗಿನ ಕಾರ್ಬನ್ ಪದರದಿಂದ ಅಂಕಿ ಒಳಹಾಳೆಯ ಮೇಲೆ ಮಾತ್ರ ಮೂಡುತ್ತದೆ. ಮುದ್ರಿಸುವ ಗುಮಾಸ್ತರಿಗೂ ಅದು ಕಾಣುವುದಿಲ್ಲ. ಪಾಸ್‌ಬುಕ್ಕಿನ ದಪ್ಪ ಹಾಗೂ ನಡುವಿನ ಹೊಲಿಗೆಯ ಉಬ್ಬನ್ನು ತಡೆದುಕೊಂಡು ಬರೆಯಲು ಎಪ್ಸನ್ ಪಿಎಲ್‌ಕ್ಯೂ-20ರಂತಹ ಚಪ್ಪಟೆ ಹಾದಿಯ 24 ಪಿನ್ ಯಂತ್ರಗಳಿವೆ. ರೈಲ್ವೆಯ ಮುಂಗಡ ಟಿಕೆಟ್ ಕೌಂಟರುಗಳಲ್ಲಿ ಮೊದಲೇ ಅಚ್ಚಾದ ಟಿಕೆಟ್ ಕಾಗದದ ಮೇಲೆ ಪ್ರಯಾಣದ ವಿವರ ಬೀಳುವುದನ್ನು ಎಲ್ಲರೂ ನೋಡಿದ್ದೇವೆ.

ಎರಡನೆಯ ಹಂತ: ಕಾಗದ ನಿರ್ಧರಿಸಿ

ಹಾಳೆಗಳು ಬಿಡಿಯಾಗಿರದೆ ಒಂದಕ್ಕೊಂದು ಹೊಂದಿಕೊಂಡು ಉದ್ದಕ್ಕೆ ಮಡಚಿ ಬರುವ ಕಾಗದವೇ ಕಂಟಿನ್ಯುಯಸ್ ಕಾಗದ. ನಮ್ಮಲ್ಲಿ ಸುಲಭವಾಗಿ ಸಿಗುವ ಅಂತಹ ಕಾಗದದ ಅಳತೆಗಳು ಎರಡು: 10 ಇಂಚು ಅಗಲ 12 ಇಂಚು ಉದ್ದದ್ದು, ಮತ್ತು 15 ಇಂಚು ಅಗಲ 12 ಇಂಚು ಉದ್ದದ್ದು. ಎರಡೂ ಅಂಚುಗಳಲ್ಲಿ ಅರ್ಧ ಇಂಚಿನ ಪಟ್ಟಿಯಿದ್ದು, ಅದರಲ್ಲಿ ಅರ್ಧ ಇಂಚಿಗೊಂದರಂತೆ ರಂಧ್ರಗಳಿರುತ್ತವೆ; ಪಟ್ಟಿಗಳನ್ನು ಹರಿದ ಮೇಲೆ ಉಳಿಯುವುದು 9 ಅಥವಾ 14 ಇಂಚು. ಇಂಚಿಗೆ 6 ಸಾಲಿನಂತೆ 12 ಇಂಚಿನ ಹಾಳೆಯಲ್ಲಿ 72 ಸಾಲು ಹಿಡಿಯುತ್ತದೆ. ಹತ್ತು ಹದಿನೈದು ಬಾಬತ್ತುಗಳಿಗಿಂತ ಹೆಚ್ಚಿಲ್ಲದ ಬಿಲ್ಲಿಗೆ 6 ಇಂಚು ಉದ್ದದ ಅರ್ಧ ಹಾಳೆ ಸಾಕಾಗುತ್ತದೆ, ಕಾಗದದ ಖರ್ಚೂ ಅಲ್ಲಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹಾಗೆ ಮಾಡುವ ಮೊದಲು ಹಳೆಯ ಬಿಲ್ಲುಗಳ ಕಟ್ಟನ್ನು ಬಿಚ್ಚಿ, ಅತಿ ಉದ್ದದ ಬಿಲ್ಲಿನಲ್ಲಿ ಎಷ್ಟು ಸಾಲಿತ್ತೆಂದು ನೋಡುವುದು ಅಗತ್ಯ.

ಪ್ರತಿ ಮೂಡಿಸುವ ಬಗೆಯಲ್ಲಿ ಎರಡು ಆಯ್ಕೆಗಳಿವೆ. ಹಾಳೆಗಳ ನಡುವೆ ತೆಳು ಕಾರ್ಬನ್ ಸೇರಿಸಿದ ಕಾಗದ ಅಗ್ಗ, ಆದರೆ ಕಾರ್ಬನ್ ತೆಗೆದು ಬಿಸಾಡಬೇಕು, ಕೈ ಮಸಿಯಾಗುತ್ತದೆ. ಕಾರ್ಬನ್ ಇಲ್ಲದ ಕಾಗದ, ಅಂದರೆ ಅಮೆರಿಕದ ಎನ್‌ಸಿಆರ್ ಕಂಪನಿ 1950ರ ದಶಕದಲ್ಲಿ ಬಳಕೆಗೆ ತಂದು ಅದರ ಹೆಸರಿನಿಂದಲೇ ಪ್ರೆಸ್ಸಿನವರು ಕರೆಯುವ ಎನ್‌ಸಿಆರ್ ಕಾಗದ, ಮೇಲಿನ ಹಾಳೆಯ ಬೆನ್ನಿಗೆ ಬಣ್ಣವಿಲ್ಲದ ರಾಸಾಯನಿಕ ತುಂಬಿದ ಅತಿ ಸಣ್ಣ ಗುಳಿಗೆಗಳ ಲೇಪವನ್ನೂ ಕೆಳಗಿನ ಹಾಳೆಯ ಮುಖಕ್ಕೆ ಅದರೊಡನೆ ಬೆರೆತು ಬಣ್ಣ ಬರಿಸುವ ಲೇಪವನ್ನೂ ಹೊಂದಿರುತ್ತದೆ. ಪಿನ್ನಿನ ಪೆಟ್ಟಿಗೆ ಗುಳಿಗೆ ಒಡೆದು ಅಕ್ಷರ ಮೂಡುತ್ತದೆ. ಈ ಲೇಪ ಒತ್ತಡಕ್ಕೆ ಪ್ರತಿಕ್ರಿಯಿಸುವುದರಿಂದ ರಟ್ಟಿನ ಪೆಟ್ಟಿಗೆಗಳನ್ನು ಎತ್ತರಕ್ಕೆ ಪೇರಿಸಿಡಬಾರದು, ಮೇಲೆ ಭಾರ ಹೇರಬಾರದು. ಕರಾವಳಿ ಮತ್ತು ಮಲೆನಾಡಿನವರಿಗೆ ಇನ್ನೊಂದು ಎಚ್ಚರಿಕೆ ಬೇಕು: ಮಳೆಗಾಲದಲ್ಲಿ ಕಾಗದ ತೇವ ಹೀರಿ ಉಬ್ಬಿದಾಗ ರಂಧ್ರಗಳ ಅಂತರ ಕೂದಲೆಳೆಯಷ್ಟು ಬದಲಾದರೂ ಸಾಕು, ಉದ್ದದ ಮುದ್ರಣದಲ್ಲಿ ಅಂಚು ಹರಿಯಲಾರಂಭಿಸುತ್ತದೆ. ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿ, ಪ್ಲಾಸ್ಟಿಕ್ ಹೊದಿಕೆ ತೆಗೆಯದೆ ಇಟ್ಟುಕೊಂಡು, ಬೇಕಾದಷ್ಟನ್ನೇ ಬಿಚ್ಚಿ.

ಪ್ರೆಸ್ಸಿಗೆ ಹೆಚ್ಚಿನ ಪ್ರಮಾಣದಲ್ಲಿ ಆರ್ಡರ್ ಕೊಡುವ ಮೊದಲು ಖಾಲಿ ಕಾಗದದ ಮೇಲೆ ಬಿಲ್ ಮುದ್ರಿಸಿ, ಕೊಡಲಿರುವ ನಮೂನೆಯನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ಚೌಕದ ಗೆರೆಗಳು ಇಂಚಿನ 6ನೇ ಒಂದು ಭಾಗದ ಅಳತೆಗೆ ಹೊಂದಿದ್ದರೆ ಪ್ರತಿ ಸಾಲೂ ತನ್ನ ಮನೆಯಲ್ಲಿ ಕೂರುತ್ತದೆ. ಪ್ರೆಸ್ಸಿನವರು ಮಿಲಿಮೀಟರಿನಲ್ಲಿ ಗೆರೆ ಎಳೆದರೆ ಹತ್ತನೆಯ ಸಾಲಿನ ಹೊತ್ತಿಗೆ ಅಕ್ಷರ ಗೆರೆಯ ಮೇಲೆ ಹತ್ತಿರುತ್ತದೆ.

ಮೂರನೆಯ ಹಂತ: ಪ್ರಿಂಟರ್ ಆರಿಸಿ

ಕಾಗದ ನಿರ್ಧಾರವಾಯಿತೆಂದರೆ ಅರ್ಧ ಆಯ್ಕೆ ತಾನಾಗಿ ಮುಗಿಯುತ್ತದೆ. 10 ಇಂಚಿನ ಕಾಗದಕ್ಕೆ 80 ಕಾಲಮ್ಮಿನ, ಅಂದರೆ ಸಾಮಾನ್ಯ ಗಾತ್ರದಲ್ಲಿ ಸಾಲಿಗೆ 80 ಅಕ್ಷರ ಹಿಡಿಯುವ, ಪ್ರಿಂಟರ್, 15 ಇಂಚಿನದಕ್ಕೆ 136 ಕಾಲಮ್ಮಿನದು. ಲೆಡ್ಜರ್, ಸ್ಟಾಕ್ ಪಟ್ಟಿಗಳಿಗೆ ಅಗಲ ಬೇಕೆಂದು ದೊಡ್ಡ ಯಂತ್ರ ಕೊಳ್ಳುವವರು ಒಂದು ವಿಷಯ ತಿಳಿದಿರಲಿ: 80 ಕಾಲಮ್ಮಿನ ಪ್ರಿಂಟರಿನಲ್ಲಿಯೇ ಕಂಡೆನ್ಸ್ಡ್, ಅಂದರೆ ಕಿರಿದಾಗಿಸಿದ, ಅಕ್ಷರ ಆರಿಸಿದರೆ 8 ಇಂಚಿನೊಳಗೆ ಸುಮಾರು 137 ಅಕ್ಷರ ಹಿಡಿಯುತ್ತದೆ. ಓದಲು ಸಣ್ಣದು, ಆದರೆ ಒಳಗಿನ ಲೆಕ್ಕಕ್ಕೆ ಧಾರಾಳ ಸಾಕು.

9 ಪಿನ್ನೋ 24 ಪಿನ್ನೋ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಇಂಗ್ಲಿಷ್ ಅಕ್ಷರ ಹಾಗೂ ಅಂಕಿಗಳ ಬಿಲ್ಲು, ಮೂರಕ್ಕಿಂತ ಹೆಚ್ಚು ಪ್ರತಿ, ಧೂಳಿನ ಜಾಗ, ಇಡೀ ದಿನದ ದುಡಿತ ಇದ್ದರೆ 9 ಪಿನ್, ಕನ್ನಡದಲ್ಲಿ ಮುದ್ರಿಸಬೇಕಿದ್ದರೆ 24 ಪಿನ್. ಎಪ್ಸನ್ ಕಂಪನಿಯ 80 ಕಾಲಮ್ಮಿನ ಎರಡು ಮಾದರಿಗಳನ್ನೇ ನೋಡಿದರೂ 9 ಪಿನ್ನಿನ ಎಲ್‌ಎಕ್ಸ್-310 ಮೂಲಪ್ರತಿಯೊಂದಿಗೆ 4 ನಕಲು ಕೊಟ್ಟರೆ, 24 ಪಿನ್ನಿನ ಎಲ್‌ಕ್ಯೂ-310 ಮೂಲಪ್ರತಿಯೊಂದಿಗೆ 3 ನಕಲು ಕೊಡುತ್ತದೆ. ಎಪ್ಸನ್ ಅಲ್ಲದೆ ಟಿವಿಎಸ್ ಎಲೆಕ್ಟ್ರಾನಿಕ್ಸ್ ಮತ್ತು ಬೆಂಗಳೂರು ಮೂಲದ, ವಿಪ್ರೋದಿಂದ ಬೇರ್ಪಟ್ಟು ಬೆಳೆದ ವೆಪ್ ಕಂಪನಿಯ ಪ್ರಿಂಟರುಗಳೂ ನಮ್ಮ ಊರುಗಳಲ್ಲಿ ಬಹಳ ಬಳಕೆಯಲ್ಲಿವೆ. ಬ್ರ್ಯಾಂಡಿಗಿಂತ ಹೆಚ್ಚಾಗಿ ನಿಮ್ಮ ಊರಿನಲ್ಲಿ, ಅಥವಾ ಕನಿಷ್ಠ ಜಿಲ್ಲಾ ಕೇಂದ್ರದಲ್ಲಿ, ಯಾವುದರ ರಿಬ್ಬನ್ ಸದಾ ಸಿಗುತ್ತದೆ, ಯಾವುದರ ಹೆಡ್ ರಿಪೇರಿ ಮಾಡುವವರಿದ್ದಾರೆ ಎಂದು ವಿಚಾರಿಸಿ ಕೊಳ್ಳುವುದು ಜಾಣತನ.

ಕನ್ನಡದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರಿಂಟರಿನ ಸ್ಮೃತಿಯಲ್ಲಿ ಹುಟ್ಟಿನಿಂದ ಇರುವುದು ರೋಮನ್ ಅಕ್ಷರಗಳ ಅಚ್ಚು. ಕಂಪ್ಯೂಟರ್ ಕೇವಲ ಅಕ್ಷರದ ಸಂಕೇತ ಕಳಿಸಿದರೆ ಪ್ರಿಂಟರ್ ತನ್ನ ಅಚ್ಚಿನಿಂದ ಸರಸರನೆ ಬರೆದುಬಿಡುತ್ತದೆ; ಇದು ಟೆಕ್ಸ್ಟ್ ವಿಧಾನ. ಕನ್ನಡ ಅದರೊಳಗಿಲ್ಲದ ಕಾರಣ ಪುಟವನ್ನು ಚಿತ್ರವನ್ನಾಗಿ ಮಾಡಿ ಚುಕ್ಕೆ ಚುಕ್ಕೆಯಾಗಿ ಕಳಿಸಬೇಕಾಗುತ್ತದೆ. ಇದು ಗ್ರಾಫಿಕ್ಸ್ ವಿಧಾನ, ಹಲವು ಪಟ್ಟು ನಿಧಾನ. ವಿಂಡೋಸಿಗೂ ಮುಂಚಿನ ಡಾಸ್ ಕಾಲದಲ್ಲಿ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್‌ನ ಜಿಸ್ಟ್ ತಂತ್ರಜ್ಞಾನ ಭಾರತೀಯ ಲಿಪಿಗಳಿಗೆ ಬೇರೊಂದು ದಾರಿ ಮಾಡಿಕೊಟ್ಟಿತ್ತು. ಇಂದು ವಿಂಡೋಸ್‌ನಲ್ಲಿ ಪ್ರಿಂಟರನ್ನು ನಡೆಸುವ ತಂತ್ರಾಂಶವಾದ ಡ್ರೈವರೇ ಆ ಕೆಲಸ ಮಾಡುತ್ತದೆ. 9 ಪಿನ್ನಿನಲ್ಲಿ ಸಣ್ಣ ಗಾತ್ರದ ಒತ್ತಕ್ಷರಗಳು ಮುದ್ದೆಯಾಗುವುದರಿಂದ 24 ಪಿನ್ ಬಳಸಿ, ಅಕ್ಷರದ ಗಾತ್ರವನ್ನು 12 ಪಾಯಿಂಟಿಗಿಂತ ಇಳಿಸದಿರುವುದು ಲೇಸು. ಅಂಗಡಿಯ ಹೆಸರು, ವಿಳಾಸ, ಷರತ್ತುಗಳನ್ನು ಪ್ರೆಸ್ಸಿನಲ್ಲಿಯೇ ಕನ್ನಡದಲ್ಲಿ ಅಂದವಾಗಿ ಅಚ್ಚು ಹಾಕಿಸಿ, ಬದಲಾಗುವ ವಿವರಗಳನ್ನಷ್ಟೇ ಪ್ರಿಂಟರಿಗೆ ಬಿಟ್ಟರೆ ಅಂದವೂ ಉಳಿಯುತ್ತದೆ, ವೇಗವೂ ಉಳಿಯುತ್ತದೆ.

ವೇಗದ ಜಾಹೀರಾತನ್ನು ನಂಬುವ ಮೊದಲು ಲೆಕ್ಕ ಹಾಕಿ. ಸೆಕೆಂಡಿಗೆ 300 ಅಕ್ಷರ ಎಂದರೆ ಅದು ಡ್ರಾಫ್ಟ್, ಅಂದರೆ ಅಂದಕ್ಕಿಂತ ವೇಗಕ್ಕೆ ಒತ್ತು ಕೊಡುವ, ವಿಧಾನದ ಅತಿ ಹೆಚ್ಚಿನ ವೇಗ. 30 ಸಾಲು, ಸಾಲಿಗೆ ಸರಾಸರಿ 50 ಅಕ್ಷರವಿರುವ ಬಿಲ್ಲಿನಲ್ಲಿ 1500 ಅಕ್ಷರಗಳಿವೆ. ಲೆಕ್ಕಕ್ಕೆ 5 ಸೆಕೆಂಡ್, ಹೆಡ್ ತಿರುಗುವ ಮತ್ತು ಕಾಗದ ಸರಿಯುವ ಸಮಯ ಸೇರಿದರೆ ಅದರ ಎರಡು ಪಟ್ಟಿನ ಹತ್ತಿರ. ಮೂರು ಪ್ರತಿ ಅಷ್ಟರಲ್ಲಿ ಸಿದ್ಧ. ವಿದ್ಯುತ್ ಹೋಗುತ್ತಿರುವ ಊರುಗಳಲ್ಲಿ ಇನ್ನೊಂದು ಅನುಕೂಲವಿದೆ: ಶಾಯಿಪುಡಿಯನ್ನು ಕರಗಿಸಲು ನೂರಾರು ವ್ಯಾಟ್ ಎಳೆಯುವ ಲೇಸರನ್ನು ಸಣ್ಣ ಯುಪಿಎಸ್ ತಾಳಲಾರದು, ಡಾಟ್ ಮ್ಯಾಟ್ರಿಕ್ಸ್ ಅದರ ಮೇಲೆ ನಿರಾಯಾಸವಾಗಿ ನಡೆಯುತ್ತದೆ.

ನಾಲ್ಕನೆಯ ಹಂತ: ಜೋಡಣೆ

ಪ್ರಿಂಟರನ್ನು ಮೇಜಿನ ಹಿಂದಂಚಿಗೆ ಸಮನಾಗಿ ಇಟ್ಟು, ಕಾಗದದ ಪೆಟ್ಟಿಗೆಯನ್ನು ಅದರ ನೇರಕ್ಕೆ ಕೆಳಗಿಡಿ. ಪೆಟ್ಟಿಗೆ ಪಕ್ಕಕ್ಕೆ ಸರಿದಿದ್ದರೆ ಕಾಗದ ಓರೆಯಾಗಿ ಎಳೆದುಕೊಂಡು ಹತ್ತಿಪ್ಪತ್ತು ಪುಟಗಳ ನಂತರ ಸಿಕ್ಕಿಕೊಳ್ಳುವುದು ಖಚಿತ. ಮುದ್ರಣವಾಗಿ ಹೊರಬಂದ ಕಾಗದ ಮತ್ತೆ ಒಳಹೋಗುವ ಕಾಗದದೊಂದಿಗೆ ಸುತ್ತಿಕೊಳ್ಳದಂತೆ ದಾರಿ ಬಿಡಿ. ಕಾಗದ ಹಾಕುವಾಗ ಮೊದಲು ಪೇಪರ್ ರಿಲೀಸ್ ಲಿವರನ್ನು ಕಂಟಿನ್ಯುಯಸ್ ಕಾಗದದ ಚಿಹ್ನೆಗೆ ತಿರುಗಿಸಿ, ಎರಡೂ ಬದಿಯ ಹಲ್ಲುಗಳಿಗೆ ರಂಧ್ರಗಳನ್ನು ಒಂದೇ ಮಟ್ಟದಲ್ಲಿ ಕೂರಿಸಿ, ಎಡಬದಿಯನ್ನು ಬಿಗಿ ಮಾಡಿ, ಬಲಬದಿಯನ್ನು ಕಾಗದ ಸುಕ್ಕಾಗದಷ್ಟು, ಆದರೆ ಜೋಲು ಬೀಳದಷ್ಟು ಎಳೆದು ಬಿಗಿ ಮಾಡಬೇಕು. ಆಮೇಲೆ ಲೋಡ್ ಬಟನ್ ಒತ್ತಿದರೆ ಕಾಗದ ತಾನಾಗಿ ಸ್ಥಾನಕ್ಕೆ ಬರುತ್ತದೆ. ಪ್ರಿಂಟರ್ ಚಾಲೂ ಇರುವಾಗ ಪಕ್ಕದ ಗುಂಡಿಯನ್ನು ಕೈಯಿಂದ ತಿರುಗಿಸುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಬೇಕು. ಪುಟದ ಲೆಕ್ಕ ತಪ್ಪುವುದಲ್ಲದೆ ಗೇರಿನ ಹಲ್ಲುಗಳಿಗೂ ಏಟು ಬೀಳುತ್ತದೆ.

ಈ ಯಂತ್ರದಲ್ಲಿ ಅತ್ಯಂತ ಮುಖ್ಯವಾದರೂ ಅತ್ಯಂತ ಕಡೆಗಣಿಸಲ್ಪಟ್ಟ ಭಾಗವೆಂದರೆ ಕಾಗದದ ದಪ್ಪಕ್ಕೆ ತಕ್ಕಂತೆ ಹೆಡ್ಡನ್ನು ಹಿಂದೆ ಮುಂದೆ ಸರಿಸುವ ಲಿವರ್. ಒಂದೇ ಹಾಳೆಗೆ ಅತಿ ಕಡಿಮೆ ಅಂಕೆ, ಪ್ರತಿಗಳು ಹೆಚ್ಚಿದಂತೆ ಮುಂದಿನ ಅಂಕೆಗಳು. ಯಾವ ಕಾಗದಕ್ಕೆ ಯಾವುದೆಂದು ಪ್ರಿಂಟರಿನ ಕೈಪಿಡಿಯಲ್ಲಿ ಪಟ್ಟಿ ಇರುತ್ತದೆ. ಮೂರು ಪ್ರತಿಯ ಕಾಗದ ಹಾಕಿ ಲಿವರನ್ನು ಒಂದೇ ಹಾಳೆಯ ಸ್ಥಾನದಲ್ಲಿ ಬಿಟ್ಟರೆ ಮೇಲಿನ ಹಾಳೆ ರಿಬ್ಬನ್ನಿಗೆ ಉಜ್ಜಿ ಮಸಿ ಹಿಡಿಯುತ್ತದೆ, ರಿಬ್ಬನ್ ಸಿಕ್ಕಿಕೊಳ್ಳುತ್ತದೆ, ಪಿನ್ ಬಾಗುತ್ತದೆ. ಒಂದೇ ಹಾಳೆ ಹಾಕಿ ಲಿವರ್ ದೂರವಿಟ್ಟರೆ ಅಕ್ಷರ ಮಸುಕಾಗುತ್ತದೆ, ಪಿನ್ ತನ್ನ ಮಿತಿ ಮೀರಿ ಚಾಚಿಕೊಳ್ಳುತ್ತದೆ. ಕಾಗದ ಬದಲಿಸಿದಾಗಲೆಲ್ಲ ಲಿವರ್ ನೋಡಬೇಕೆಂದು ಪ್ರಿಂಟರಿನ ಮುಚ್ಚಳದ ಮೇಲೆ ಚೀಟಿ ಅಂಟಿಸಿಡುವುದು ಅತಿಯಾದ ಎಚ್ಚರವೇನಲ್ಲ.

ಕಂಪ್ಯೂಟರಿಗೆ ಜೋಡಿಸುವ ಮುನ್ನ ಸ್ವಯಂ ಪರೀಕ್ಷೆ ಮಾಡಿ. ಎಪ್ಸನ್ ಎಲ್‌ಎಕ್ಸ್ ಮಾದರಿಗಳಲ್ಲಿ ಪ್ರಿಂಟರ್ ಆಫ್ ಮಾಡಿ, ಎಲ್‌ಎಫ್/ಎಫ್‌ಎಫ್ ಬಟನ್ ಒತ್ತಿ ಹಿಡಿದು ಚಾಲೂ ಮಾಡಿದರೆ ಡ್ರಾಫ್ಟ್ ಅಕ್ಷರಗಳ ಪರೀಕ್ಷಾ ಪುಟ ಬರುತ್ತದೆ. ಅದು ಸರಿಯಾಗಿದ್ದು ಕಂಪ್ಯೂಟರಿನಿಂದ ಮಾತ್ರ ತಪ್ಪು ಬರುತ್ತಿದ್ದರೆ ದೋಷ ಕೇಬಲ್, ಡ್ರೈವರ್ ಅಥವಾ ಸೆಟ್ಟಿಂಗಿನದು, ಯಂತ್ರದ್ದಲ್ಲ.

ಐದನೆಯ ಹಂತ: ವಿಂಡೋಸ್ ಮತ್ತು ಟ್ಯಾಲಿ ಸೆಟ್ಟಿಂಗ್

ವಿಂಡೋಸ್ ತಾನಾಗಿ ಆರಿಸುವ ಎ4 ಅಥವಾ ಲೆಟರ್ ಅಳತೆ ನಮ್ಮ 10×12 ಕಾಗದಕ್ಕೆ ಹೊಂದುವುದಿಲ್ಲ. ಡಿವೈಸಸ್ ಅಂಡ್ ಪ್ರಿಂಟರ್ಸ್ ತೆರೆದು, ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ಒತ್ತಿ, ಫಾರ್ಮ್ಸ್ ಪುಟದಲ್ಲಿ ಹೊಸ ಫಾರ್ಮ್ ಸೃಷ್ಟಿಸುವ ಗುರುತು ಹಾಕಿ, ಅಗಲ 10 ಇಂಚು, ಉದ್ದ 12 ಇಂಚು (ಅರ್ಧ ಹಾಳೆಯಾದರೆ 6), ಅಂಚುಗಳು ಸೊನ್ನೆ ಎಂದು ತುಂಬಿ ಒಂದು ಹೆಸರು ಕೊಟ್ಟು ಉಳಿಸಿ. ಆಮೇಲೆ ಪ್ರಿಂಟರಿನ ಪ್ರಿಫರೆನ್ಸಸ್‌ನಲ್ಲಿ ಅದೇ ಹೆಸರನ್ನು ಕಾಗದದ ಅಳತೆಯಾಗಿಯೂ, ಟ್ರ್ಯಾಕ್ಟರನ್ನು, ಅಂದರೆ ರಂಧ್ರ ಹಿಡಿದು ಕಾಗದ ಎಳೆಯುವ ಹಲ್ಲುಗಳ ಸಾಧನವನ್ನು, ಕಾಗದದ ಮೂಲವಾಗಿಯೂ ಆರಿಸಿಕೊಳ್ಳಬೇಕು.

ಬೆಂಗಳೂರಿನದೇ ಆದ ಟ್ಯಾಲಿ ಲೆಕ್ಕಪತ್ರ ತಂತ್ರಾಂಶ ಬಳಸುವವರು ಮುದ್ರಣದ ಕಾನ್ಫಿಗರ್ ಪರದೆಯಲ್ಲಿ ನೀಟ್ ಮೋಡ್, ಡಾಟ್ ಮ್ಯಾಟ್ರಿಕ್ಸ್, ಕ್ವಿಕ್ ಅಥವಾ ಡ್ರಾಫ್ಟ್ ಎಂಬ ಮೂರು ಆಯ್ಕೆಗಳನ್ನು ನೋಡಿರುತ್ತಾರೆ. ನೀಟ್ ಮೋಡ್ ಪುಟವನ್ನು ಚಿತ್ರವಾಗಿ ಕಳಿಸುತ್ತದೆ. ಹೊಸ ಪ್ರಿಂಟರ್ ಕೊಂಡು ನಿಧಾನವಾಯಿತೆಂದು ದೂರುವವರ ಯಂತ್ರದಲ್ಲಿ ಬಹುಮಟ್ಟಿಗೆ ಇದೇ ಆಯ್ಕೆಯಾಗಿರುತ್ತದೆ. ಇಂಗ್ಲಿಷ್ ಬಿಲ್ಲಿಗೆ ಡಾಟ್ ಮ್ಯಾಟ್ರಿಕ್ಸ್ ಆಯ್ಕೆಯೇ ಸರಿ. ಕನ್ನಡವಿದ್ದರೆ ನೀಟ್ ಮೋಡ್ ಅನಿವಾರ್ಯ. ಮೊದಲೇ ಅಚ್ಚಾದ ಕಾಗದವಾದರೆ ಪ್ರೀ-ಪ್ರಿಂಟೆಡ್ ಎಂಬುದನ್ನು ಆರಿಸಿ, ಇಲ್ಲವಾದರೆ ಅಂಗಡಿಯ ಹೆಸರು ಎರಡೆರಡು ಸಲ ಬೀಳುತ್ತದೆ. ರೂಪಾಯಿಯ ಚಿಹ್ನೆ ಬಂದದ್ದು 2010ರಲ್ಲಿ. ಅದಕ್ಕಿಂತ ಹಳೆಯ ಅಕ್ಷರಪಟ್ಟಿಯ ಪ್ರಿಂಟರುಗಳು ಟೆಕ್ಸ್ಟ್ ವಿಧಾನದಲ್ಲಿ ಅದರ ಜಾಗಕ್ಕೆ ಏನೋ ಒಂದನ್ನು ಬರೆಯುತ್ತವೆಯಾದ್ದರಿಂದ ಇಂಗ್ಲಿಷ್ ಸಂಕ್ಷೇಪವನ್ನೇ ಇಟ್ಟುಕೊಳ್ಳುವುದು ಸುರಕ್ಷಿತ.

ರಿಬ್ಬನ್ ಮತ್ತು ಹೆಡ್

ಎಲ್‌ಎಕ್ಸ್-310ರ ರಿಬ್ಬನ್ನಿಗೆ ತಯಾರಕರು ಹೇಳುವ ಆಯಸ್ಸು ಸುಮಾರು 40 ಲಕ್ಷ ಅಕ್ಷರ. ಮೇಲಿನ ಲೆಕ್ಕದ 1500 ಅಕ್ಷರಗಳ ಬಿಲ್ಲಿಗೆ ಭಾಗಿಸಿದರೆ 2600ಕ್ಕೂ ಹೆಚ್ಚು ಬಿಲ್ಲು, ಅದೂ ಮೂರು ಪ್ರತಿಗಳೊಂದಿಗೆ. ಗ್ರಾಫಿಕ್ಸ್ ವಿಧಾನದಲ್ಲಿ, ದಪ್ಪ ಗೆರೆಗಳ ಚೌಕಗಳನ್ನು ಮುದ್ರಿಸಿದರೆ ಇದು ಬಹಳಷ್ಟು ಇಳಿಯುತ್ತದೆ. ಆದ್ದರಿಂದ ಚೌಕ, ಗೆರೆಗಳನ್ನು ಪ್ರೆಸ್ಸಿಗೆ ಬಿಡುವುದು ಇಲ್ಲಿಯೂ ಲಾಭವೇ.

ಮಾಸಿದ ರಿಬ್ಬನ್ನನ್ನು ಕಣ್ಣಿಗೆ ಕಾಣುವವರೆಗೆ ಎಳೆಯುವುದು ಅನೇಕ ಕಚೇರಿಗಳ ಪದ್ಧತಿ. ಇದು ಹೆಡ್ಡಿಗೆ ಕೆಡುಕು. ರಿಬ್ಬನ್ನಿನ ಎಣ್ಣೆ ಬೆರೆತ ಶಾಯಿಯೇ ಪಿನ್ನಿಗೆ ಜಾರುವ ಗುಣ ಕೊಡುತ್ತದೆ. ಒಣಗಿದ, ಎಳೆ ಬಿಟ್ಟ ನೈಲಾನಿನಲ್ಲಿ ಪಿನ್ ಸಿಕ್ಕಿಕೊಂಡ ಕ್ಷಣ ಹೆಡ್ ಪಕ್ಕಕ್ಕೆ ಓಡಿದರೆ ಅದು ಮುರಿಯುತ್ತದೆ. ಮರುಶಾಯಿ ಹಾಕಿದ ಅಗ್ಗದ ರಿಬ್ಬನ್ನುಗಳಲ್ಲಿ ಸ್ಟಾಂಪ್ ಪ್ಯಾಡಿನ ಶಾಯಿ ಬಳಸಿದ್ದರೆ ಪಿನ್ನಿನ ದಾರಿಯೇ ಕಟ್ಟಿಕೊಳ್ಳುವ ಅಪಾಯವೂ ಇದೆ. ಮುದ್ರಣ ಮುಗಿದ ತಕ್ಷಣ ಹೆಡ್ ಮುಟ್ಟಬಾರದು, ಕೈ ಸುಡುವಷ್ಟು ಕಾದಿರುತ್ತದೆ. ಸತತ ಮುದ್ರಣದ ನಡುವೆ ಯಂತ್ರ ತಾನಾಗಿ ನಿಂತು ನಿಧಾನಿಸಿದರೆ ಅದು ಹೆಡ್ ತಣಿಯಲು ತೆಗೆದುಕೊಂಡ ಬಿಡುವು. ವಾರಕ್ಕೊಮ್ಮೆ ಕಾಗದದ ಪುಡಿಯನ್ನು ಮೆತ್ತನೆಯ ಬ್ರಶ್ಶಿನಿಂದ ತೆಗೆದರೆ ಸಾಕು. ಹೆಡ್ ಓಡಾಡುವ ಸರಳಿಗೆ ಸಿಕ್ಕ ಎಣ್ಣೆಯನ್ನೆಲ್ಲ ಸುರಿಯಬೇಡಿ, ಅದು ಪುಡಿಯೊಂದಿಗೆ ಸೇರಿ ಅಂಟಾಗುತ್ತದೆ.

ತೊಂದರೆಗಳನ್ನು ಗುರುತಿಸುವುದು

ಪ್ರತಿ ಪುಟವೂ ಹಿಂದಿನದಕ್ಕಿಂತ ಒಂದು ಇಂಚು ಮೇಲಕ್ಕೆ ಸರಿಯುತ್ತಿದ್ದರೆ ಪ್ರಿಂಟರಿನಲ್ಲಿ ಪುಟದ ಉದ್ದ 11 ಇಂಚು ಎಂದಿದ್ದು ಕಾಗದ 12 ಇಂಚಿನದಾಗಿದೆ ಎಂದರ್ಥ. ಕೈಯಿಂದ ಸರಿಪಡಿಸುತ್ತ ಕೂರುವ ಬದಲು ಆ ಒಂದು ಸೆಟ್ಟಿಂಗ್ ಬದಲಿಸಿ. ಲಂಬ ಗೆರೆಗಳು ಸಾಲಿನಿಂದ ಸಾಲಿಗೆ ಹೆಜ್ಜೆ ತಪ್ಪಿದಂತೆ ಕಂಡರೆ ಹೆಡ್‌ನ ಎರಡು ದಿಕ್ಕಿನ ಓಟ ಹೊಂದಿಲ್ಲ, ಅದನ್ನು ಸರಿಹೊಂದಿಸುವ ವ್ಯವಸ್ಥೆ ಪ್ರಿಂಟರಿನಲ್ಲಿಯೇ ಇರುತ್ತದೆ. ಬಿಲ್ಲಿನ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತಿದ್ದರೆ ಡ್ರೈವರಿನ ಆದೇಶ ಭಾಷೆಯೂ ಪ್ರಿಂಟರಿನಲ್ಲಿ ಆರಿಸಿದ ಆದೇಶ ಭಾಷೆಯೂ ಒಂದೇ ಇದೆಯೇ ನೋಡಿ. ಮೇಲಿನ ಪ್ರತಿ ಚೆನ್ನಾಗಿದ್ದು ಕೊನೆಯ ಪ್ರತಿ ಮಾತ್ರ ಮಸುಕಾಗಿದ್ದರೆ ರಿಬ್ಬನ್ ಬದಲಿಸಿ ಪ್ರಯೋಜನವಿಲ್ಲ, ಕೆಳಗಿನ ಪ್ರತಿಗಳಿಗೆ ರಿಬ್ಬನ್ನಿನ ಶಾಯಿ ತಲುಪುವುದೇ ಇಲ್ಲ. ಕಾಗದ ಹಳೆಯದೋ, ಲಿವರ್ ಅಗತ್ಯಕ್ಕಿಂತ ದೂರವೋ, ಪ್ರತಿಗಳು ಯಂತ್ರದ ಮಿತಿ ಮೀರಿವೆಯೋ ಪರೀಕ್ಷಿಸಿ.

ಎಲ್ಲ ಅಕ್ಷರಗಳನ್ನೂ ಅಡ್ಡಲಾಗಿ ಸೀಳಿದಂತೆ ಬಿಳಿಯ ಗೆರೆಯೊಂದು ಕಾಣುತ್ತಿದ್ದರೆ ಪಿನ್ ಒಂದು ಮುರಿದಿದೆ ಅಥವಾ ಸಿಕ್ಕಿಕೊಂಡಿದೆ. ಅಂಕಿಗಳ ವ್ಯವಹಾರದಲ್ಲಿ ಇದನ್ನು ನಾಳೆಗೆ ತಳ್ಳುವಂತಿಲ್ಲ: ನಡುವಿನ ಗೆರೆ ಹೋದ ಇಂಗ್ಲಿಷ್ 8 ಸೊನ್ನೆಯಂತೆ ಓದಿಸಿಕೊಳ್ಳುತ್ತದೆ. 9 ಪಿನ್ನಿನ ಹೆಡ್ಡಿಗೆ ಒಂದು ಪಿನ್ ಬದಲಿಸಿ ಕೊಡುವ ಕುಶಲರು ಇನ್ನೂ ಇದ್ದಾರೆ, ಮೊದಲ ಸಲಕ್ಕೆ ಅದು ಸರಿಯಾದ ದಾರಿ. ಅದೇ ಹೆಡ್‌ನಲ್ಲಿ ಎರಡನೆಯ ಪಿನ್ ಮುರಿದರೆ ಹೊಸ ಹೆಡ್‌ನ ಬೆಲೆಯನ್ನು ಹೊಸ ಪ್ರಿಂಟರಿನ ಬೆಲೆಯೊಂದಿಗೆ ಹೋಲಿಸಿಯೇ ನಿರ್ಧರಿಸಬೇಕು. ಯಂತ್ರ ರಿಪೇರಿಗೆ ಹೋದ ದಿನಗಳಿಗಾಗಿ ಕೈಬರಹದ ಮೂರು ಪ್ರತಿಗಳ ಬಿಲ್ ಪುಸ್ತಕವೊಂದನ್ನು ಬೇರೆಯದೇ ಸಂಖ್ಯಾ ಸರಣಿಯೊಂದಿಗೆ ಅಚ್ಚು ಹಾಕಿಸಿ ಇಟ್ಟುಕೊಳ್ಳಿ. ಒಂದಕ್ಕಿಂತ ಹೆಚ್ಚು ಸರಣಿಗಳನ್ನು ಜಿಎಸ್‌ಟಿಯ 46ನೇ ನಿಯಮ ಒಪ್ಪುತ್ತದೆ, ಬಿಲ್ ಸಂಖ್ಯೆ 16 ಅಕ್ಷರಗಳನ್ನು ಮೀರದಿದ್ದು ಆ ಹಣಕಾಸು ವರ್ಷದಲ್ಲಿ ಮರುಕಳಿಸದಿದ್ದರೆ ಆಯಿತು.